ಆಳೆತ್ತರ ಬೆಳೆದ ಈ ಲೋಳೆಸರ ಯಾವುದು? ಹೂ ಬಿಟ್ಟ ಮೇಲೆ ಸಾಯುತ್ತದೆಯೇ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಕೊಪ್ಪಳದ ಪಕ್ಕ ಭಾಗ್ಯನಗರ. ಹನ್ನೆರಡು ವರ್ಷದ ಹಿಂದೆ ನರ್ಸರಿಯಿಂದ ಲೋಳೆಸರ ಅಂತ ಒಂದು ಸಣ್ಣ ಗಿಡ ತಂದು ಕಾಂಪೌಂಡ್ ಬದಿಗೆ ನೆಟ್ಟಿದ್ದೆವು. ಈಗ ಅದಕ್ಕೆ ಮರದಂಥ ಕಾಂಡ ಬಂದು ನನಗಿಂತ ಎತ್ತರ ಆಗಿದೆ. ಪಕ್ಕದಲ್ಲಿ ಒಂದೂ ಮರಿ ಬಂದಿಲ್ಲ. ಕಾಂಡದ ಸುತ್ತ ಒಣ ಎಲೆಗಳು ಜೋತುಬಿದ್ದಿವೆ. ಈ ಸಲ ಸಂಕ್ರಾಂತಿ ಹೊತ್ತಿಗೆ ಮೊದಲ ಬಾರಿ ಕೆಂಪು-ಕಿತ್ತಳೆ ಬಣ್ಣದ ಹೂ ಬಿಟ್ಟಿದೆ. ಪಕ್ಕದ ಮನೆ ಕಾಕಾ "ಇದು ಭೂತಾಳೆ, ಹೂ ಬಿಟ್ಟ ಮೇಲೆ ಸಾಯುತ್ತದೆ" ಅಂತಾರೆ. ನಮ್ಮ ಅತ್ತೆಯವರು ಇದರ ಲೋಳೆ ಹೊಟ್ಟೆಗೆ ತಗೋಬಹುದಾ ಅಂತ ಕೇಳ್ತಿದ್ದಾರೆ. ಗಿಡ ಒಂದು ಕಡೆ ವಾಲಿದೆ ಬೇರೆ. ಒಣ ಎಲೆ ತೆಗೆಯಬೇಕಾ? ಇನ್ನೊಂದು ಗಿಡ ಮಾಡುವುದು ಹೇಗೆ? ಫೋಟೋ ಕಳಿಸಿದ್ದೇನೆ.

ಉತ್ತರ: ಮೊದಲು ಅತ್ತೆಯವರ ಪ್ರಶ್ನೆಗೆ ಬರುತ್ತೇನೆ, ಅದು ತುರ್ತಿನದು. ಇದರ ಲೋಳೆ ಹೊಟ್ಟೆಗೆ ಬೇಡ. ಒಂದು ಚಮಚವೂ ಬೇಡ. ಇದು ನಾವು ಮನೆಮದ್ದಿಗೆ ಬಳಸುವ ಲೋಳೆಸರ ಅಲ್ಲ. ಯಾಕೆ ಅನ್ನೋದನ್ನು ಮುಂದೆ ಹೇಳುತ್ತೇನೆ.

ಎರಡನೆಯದು, ನಿಮ್ಮ ಗಿಡ ಸಾಯುವುದಿಲ್ಲ. ಕಾಕಾ ಅವರು ಹೇಳಿದ್ದು ಭೂತಾಳೆಯ ವಿಷಯದಲ್ಲಿ ನಿಜ. ಆದರೆ ನಿಮ್ಮ ಗಿಡ ಭೂತಾಳೆಯಲ್ಲ. ಫೋಟೋದಲ್ಲಿ ಕಾಣುವ ಲಕ್ಷಣಗಳೆಲ್ಲ ಲೋಳೆಸರದ ಕುಲವಾದ ಅಲೋದಲ್ಲೇ ಬರುವ ಅಲೋ ಫೆರಾಕ್ಸ್ ಎಂಬ ಜಾತಿಗೆ ಹೊಂದುತ್ತವೆ. ದಕ್ಷಿಣ ಆಫ್ರಿಕಾದ ಕೇಪ್ ಸೀಮೆಯ ಗಿಡ ಇದು. ಅಲ್ಲಿ ಒಣ ಗುಡ್ಡಗಳ ಮೇಲೆ ಸಾಲುಸಾಲಾಗಿ ಬೆಳೆಯುತ್ತದೆ. ಚೆನ್ನಾಗಿ ಬೆಳೆದರೆ ಎರಡರಿಂದ ಮೂರು ಮೀಟರ್ ಎತ್ತರ ಆಗುತ್ತದೆ. ನಿಮ್ಮದು ಇನ್ನೂ ಬೆಳೆಯುವ ಗಿಡ.

ಗುರುತು ಹಿಡಿಯುವುದು ಹೇಗೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳ ಮುಂದೆ ಈಗ ಇಂಥ ಗಿಡಗಳು ಜಾಸ್ತಿ ಕಾಣುತ್ತಿವೆ. ನೀರು ಕಡಿಮೆ ಸಾಕು ಅಂತ ಜನ ತರುತ್ತಾರೆ. ಹೆಸರು ಮಾತ್ರ ಎಲ್ಲದಕ್ಕೂ ಒಂದೇ ಹೇಳಿ ಮಾರುತ್ತಾರೆ.

ಭೂತಾಳೆಯನ್ನು ಮೊದಲು ಪಕ್ಕಕ್ಕಿಡೋಣ. ನಮ್ಮ ಹೊಲದ ಬದುಗಳಲ್ಲಿ, ರಸ್ತೆ ಬದಿಯಲ್ಲಿ ಬೇಲಿಯಾಗಿ ನಿಂತಿರುವುದು ಅದೇ. ಮೂಲ ಮೆಕ್ಸಿಕೋ ಕಡೆಯದು. ಅದರ ಎಲೆ ಮುರಿದರೆ ಉದ್ದುದ್ದ ನಾರು ಬರುತ್ತದೆ, ಅದರಿಂದಲೇ ಹಗ್ಗ ಹೊಸೆಯುತ್ತಾರೆ. ಎಲೆಯ ತುದಿಯಲ್ಲಿ ದಬ್ಬಣದಂಥ ಒಂದು ಗಟ್ಟಿ ಮುಳ್ಳು ಇರುತ್ತದೆ. ಅಲೋ ಜಾತಿಯ ಎಲೆಯಲ್ಲಿ ನಾರು ಇಲ್ಲ. ಪಟಕ್ಕನೆ ಮುರಿಯುತ್ತದೆ. ಒಳಗೆ ಲೋಳೆ, ಸಿಪ್ಪೆಯ ಕೆಳಗೆ ಹಳದಿ ರಸ ಇರುತ್ತದೆ. ಪರೀಕ್ಷೆಗೆ ಒಂದು ಹಳೆ ಎಲೆಯ ತುದಿ ಮುರಿದು ನೋಡಿದರೆ ಸಾಕು. ಭೂತಾಳೆಯ ರಸ ಕೈಗೆ ತಾಗಿದರೆ ಕೆರೆತ ಬರುವುದುಂಟು, ಆದ್ದರಿಂದ ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಮುರಿಯಿರಿ.

ಹೂವಿನಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಭೂತಾಳೆಯಲ್ಲಿ ಸುಳಿಯೇ ಎದ್ದು ಹೂವಿನ ಕಂಬ ಆಗುತ್ತದೆ. ಬೆಳೆಯುವ ತುದಿ ಅದರಲ್ಲೇ ಮುಗಿದುಹೋಗುವುದರಿಂದ ಆ ಗಿಡ ಹೂ ಬಿಟ್ಟು, ಬೀಜವನ್ನೋ ಮರಿಯನ್ನೋ ಕೊಟ್ಟು ಒಣಗುತ್ತದೆ. ನಿಮ್ಮ ಫೋಟೋ ಸರಿಯಾಗಿ ನೋಡಿ. ಹೂವಿನ ದಂಟು ಎಲೆಗಳ ಮಧ್ಯದಿಂದ, ಸುಳಿಯ ಪಕ್ಕದಿಂದ ಬಂದಿದೆ. ಸುಳಿ ಹಾಗೇ ಇದೆ, ಒಳಗೆ ಎಳೆ ಎಲೆ ಕಾಣುತ್ತಿದೆ. ಇದು ಮುಂದಿನ ಚಳಿಗಾಲದಲ್ಲೂ ಹೂ ಬಿಡುತ್ತದೆ, ಅದರ ಮುಂದಿನ ವರ್ಷವೂ ಬಿಡುತ್ತದೆ.

ಇನ್ನು ಮನೆಮದ್ದಿನ ಲೋಳೆಸರ. ಬಾಗಿಲಿಗೆ ತಲೆಕೆಳಗಾಗಿ ಕಟ್ಟುತ್ತಾರಲ್ಲ, ಅದು. ಅದರ ತವರು ಅರೇಬಿಯಾ. ಅದಕ್ಕೆ ಕಾಂಡವೇ ಇಲ್ಲ ಅನ್ನಬಹುದು, ಇದ್ದರೂ ತೀರಾ ಗಿಡ್ಡ. ಎಲೆಗಳು ನೆಲದಿಂದಲೇ ಹೊರಡುತ್ತವೆ. ಬುಡದಲ್ಲಿ ಮರಿಗಳ ಗುಂಪೇ ಇರುತ್ತದೆ. ಹೂ ಸಾಮಾನ್ಯವಾಗಿ ಹಳದಿ. ಆದರೆ ಬಣ್ಣ ಒಂದನ್ನೇ ನಂಬಬೇಡಿ. ಕಿತ್ತಳೆ ಹೂವಿನ ಗಿಡ್ಡ ಲೋಳೆಸರವೂ ಕುಂಡಗಳಲ್ಲಿ ಸಿಗುತ್ತದೆ, ಫೆರಾಕ್ಸ್‌ನಲ್ಲಿ ಹಳದಿ ಹೂ ಬಿಡುವ ಗಿಡಗಳೂ ಇವೆ. ಒಂಟಿ ಕಾಂಡ, ಮರಿ ಇಲ್ಲದಿರುವುದು, ಎತ್ತರ, ಈ ಮೂರನ್ನು ಒಟ್ಟಿಗೆ ನೋಡಬೇಕು. ಹನ್ನೆರಡು ವರ್ಷದಲ್ಲಿ ಒಂದು ಮರಿಯೂ ಬಂದಿಲ್ಲ ಅಂದಿರಲ್ಲ, ನಿಮ್ಮ ಪತ್ರದಲ್ಲಿ ನನಗೆ ಸಿಕ್ಕ ಅತಿ ಗಟ್ಟಿ ಸುಳಿವು ಅದೇ.

ಎತ್ತರ ಬೆಳೆಯುವ ಅಲೋಗಳು ಇನ್ನೂ ಕೆಲವಿವೆ. ಹತ್ತಿರದ ಹೋಲಿಕೆ ಇರುವುದು ಅಲೋ ಮಾರ್ಲೋಥಿ. ಅದೂ ದಕ್ಷಿಣ ಆಫ್ರಿಕಾದ್ದೇ, ಒಂಟಿ ಕಾಂಡದ್ದೇ. ಹೂ ಇಲ್ಲದ ದಿನಗಳಲ್ಲಿ ಎರಡನ್ನೂ ಬೇರೆ ಮಾಡುವುದು ಕಷ್ಟ. ಹೂ ಬಂದಾಗ ಸುಲಭ. ಮಾರ್ಲೋಥಿಯ ಹೂಗೊಂಚಲುಗಳು ಅಡ್ಡಕ್ಕೆ, ಓರೆಯಾಗಿ ಚಾಚುತ್ತವೆ. ಹೂಗಳೆಲ್ಲ ಗೊಂಚಲಿನ ಮೇಲುಬದಿಗೆ ಸಾಲಾಗಿ ನಿಂತಂತೆ ಕಾಣುತ್ತವೆ. ಫೆರಾಕ್ಸ್‌ನಲ್ಲಿ ಗೊಂಚಲುಗಳು ನೆಟ್ಟಗೆ ನಿಲ್ಲುತ್ತವೆ. ಒಂದೇ ದಂಟು ಮೇಲೆ ಕವಲೊಡೆದು ಐದಾರು ದೀಪದ ಕಂಬದಂತೆ ಕಾಣುತ್ತದೆ. ನಿಮ್ಮದು ಹಾಗೇ ಇದೆ. ಮಾರ್ಲೋಥಿಯ ಎಲೆಗೆ ಎರಡೂ ಮೈಮೇಲೆ ಮುಳ್ಳು ಜಾಸ್ತಿ. ಫೆರಾಕ್ಸ್‌ನಲ್ಲಿ ಎಳೆ ಗಿಡಕ್ಕೆ ಎಲೆಯ ಮೈಮೇಲೂ ಮುಳ್ಳಿರುತ್ತದೆ, ಬೆಳೆದಂತೆ ಅಂಚಿಗೆ ಮಾತ್ರ ಉಳಿಯುವುದು ಹೆಚ್ಚು. ನಿಮ್ಮ ಗಿಡದ ಮೇಲಿನ ಎಲೆಗಳ ಮೈ ನುಣುಪಾಗಿದೆ, ಅಂಚಿನಲ್ಲಿ ಕಂದುಗೆಂಪು ಹಲ್ಲುಗಳಿವೆ.

ಅಲೋ ಅರ್ಬೊರೆಸೆನ್ಸ್ ಅಂತ ಇನ್ನೊಂದು. ಅದು ಬುಡದಿಂದಲೇ ಕವಲೊಡೆದು ಪೊದೆಯಾಗುತ್ತದೆ, ನಿಮ್ಮದು ಅದಲ್ಲ. ನಿಜವಾಗಿ ಮರವಾಗುವ ಅಲೋ ಬಾರ್ಬೆರೆಯನ್ನು ಈಗ ಅಲೋಯ್ಡೆಂಡ್ರಾನ್ ಎಂಬ ಬೇರೆ ಕುಲಕ್ಕೆ ಸೇರಿಸಿದ್ದಾರೆ. ಅದು ತವರಿನಲ್ಲಿ ಹದಿನೈದು ಮೀಟರ್ ದಾಟುವುದೂ ಉಂಟು, ಕೊಂಬೆಗಳೂ ಇರುತ್ತವೆ. ಒಂದು ಮಾತು ನೆನಪಿರಲಿ: ಅಲೋಗಳು ಒಂದಕ್ಕೊಂದು ಸುಲಭವಾಗಿ ಮಿಶ್ರವಾಗುತ್ತವೆ. ನರ್ಸರಿಯ ಬೀಜದ ಗಿಡದಲ್ಲಿ ಸ್ವಲ್ಪ ಬೇರೆ ಜಾತಿಯ ರಕ್ತ ಇದ್ದರೂ ಆಶ್ಚರ್ಯ ಇಲ್ಲ. ಸಾಕುವ ರೀತಿ ಅದರಿಂದ ಬದಲಾಗುವುದಿಲ್ಲ.

ಈಗ ಹೊಟ್ಟೆಯ ವಿಷಯ. ಫೆರಾಕ್ಸ್ ಎಲೆಯ ಸಿಪ್ಪೆಯ ಕೆಳಗಿನ ಹಳದಿ ರಸದಲ್ಲಿ ಅಲೋಯಿನ್ ಎಂಬ ಕಹಿ ಪದಾರ್ಥ ಇದೆ. ಅದು ಜೋರಾದ ಭೇದಿ ಮದ್ದು. ಕೇಪ್ ಸೀಮೆಯಲ್ಲಿ ಎಲೆ ಕಡಿದು, ಕಡಿದ ಬದಿ ಒಳಗೆ ಬರುವಂತೆ ವೃತ್ತವಾಗಿ ಜೋಡಿಸಿ, ರಸ ಇಳಿಸಿ, ಕಾಯಿಸಿ ಕಪ್ಪು ಗಟ್ಟಿ ಮಾಡಿ ಮಾರುತ್ತಾರೆ. 18ನೇ ಶತಮಾನದಿಂದ ಅದು ಯುರೋಪಿಗೆ ಹೋಗುತ್ತಿದೆ. ನಮ್ಮ ಗ್ರಂಧಿಗೆ ಅಂಗಡಿಯಲ್ಲಿ ಕರಿಬೋಳ ಅಂತ ಸಿಗುವುದೂ ಅಲೋ ರಸವನ್ನು ಒಣಗಿಸಿದ್ದೇ. ಅಳತೆ ತಪ್ಪಿದರೆ ಹೊಟ್ಟೆ ಹಿಂಡುವ ನೋವು, ನಿಲ್ಲದ ಭೇದಿ, ಮೈಯ ಉಪ್ಪಿನಂಶ ಇಳಿಯುವುದು, ಎಲ್ಲ ಆಗುತ್ತದೆ. ವಯಸ್ಸಾದವರಿಗೆ, ಬಿಪಿ ಮಾತ್ರೆ, ಹೃದಯದ ಮಾತ್ರೆ ತೆಗೆದುಕೊಳ್ಳುವವರಿಗೆ, ಗರ್ಭಿಣಿಯರಿಗೆ ಇದು ಅಪಾಯ. ಅಮೆರಿಕದಲ್ಲಿ ಚೀಟಿಯಿಲ್ಲದೆ ಮಾರುವ ಭೇದಿ ಮಾತ್ರೆಗಳಲ್ಲಿ ಅಲೋ ಬಳಸುವುದನ್ನು 2002ರಲ್ಲೇ ನಿಲ್ಲಿಸಿದರು. ಇಷ್ಟೇ ಅಲ್ಲ, ಆಫ್ರಿಕಾದ ಕೆಲವು ಅಲೋ ಜಾತಿಗಳಲ್ಲಿ ನರಗಳಿಗೆ ತಾಗುವ ವಿಷವೇ ಇದೆ. ಹಾಗಾಗಿ ಹೆಸರು ಖಚಿತವಿಲ್ಲದ ಯಾವ ಅಲೋವನ್ನೂ ಬಾಯಿಗೆ ಇಡಬಾರದು.

ತಲೆಗೆ, ಮುಖಕ್ಕೆ ಹಚ್ಚಿಕೊಳ್ಳಲು ಲೋಳೆ ಬೇಕಿದ್ದರೆ ಮರಿ ಕೊಡುವ ಸಾದಾ ಲೋಳೆಸರವನ್ನು ಒಂದು ಕುಂಡದಲ್ಲಿ ಬೇರೆಯಾಗಿ ಬೆಳೆಸಿ. ಅದನ್ನೂ ಎಲೆ ಕೊಯ್ದು ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸಿ, ಹಳದಿ ರಸ ಇಳಿದ ಮೇಲೆ ತೊಳೆದು ಬಳಸಿ. ಫೆರಾಕ್ಸ್ ಅನ್ನು ನೋಡುವುದಕ್ಕೆ ಮಾತ್ರ ಇಟ್ಟುಕೊಳ್ಳಿ. ಒಂದೊಂದು ಎಲೆ ಬೆಳೆಯಲು ಅದಕ್ಕೆ ಬಹಳ ದಿನ ಬೇಕು. ಕಂಡಕಂಡವರು ಕೊಯ್ದರೆ ಗಿಡ ಸೊರಗುತ್ತದೆ.

ಒಣ ಎಲೆಗಳನ್ನು ತೆಗೆಯಬೇಕಾ ಅಂತ ಕೇಳಿದ್ದೀರಿ. ಬಹಳ ಜನ ಸ್ವಚ್ಛ ಕಾಣಲಿ ಅಂತ ಬುಡದಿಂದ ತುದಿವರೆಗೆ ಬೋಳಿಸಿಬಿಡುತ್ತಾರೆ. ನನಗೆ ಅದನ್ನು ನೋಡಿದರೆ ಸಂಕಟವಾಗುತ್ತದೆ. ಆ ಒಣ ಎಲೆಗಳು ಗಿಡದ ಅಂಗಿ. ತವರಿನಲ್ಲಿ ಹುಲ್ಲಿಗೆ ಬೆಂಕಿ ಬಿದ್ದಾಗ ಕಾಂಡವನ್ನು ಕಾಪಾಡುವುದು ಇವೇ. ಎಲೆ ತೆಗೆದ ಗಿಡಗಳು ಬೆಂಕಿಯಲ್ಲಿ ಹೆಚ್ಚು ಸಾಯುತ್ತವೆ ಅಂತ ಅಲ್ಲಿನ ಸಂಶೋಧಕರು ಕಂಡುಕೊಂಡಿದ್ದಾರೆ. ನಿಮ್ಮ ಅಂಗಳದಲ್ಲಿ ಕಾಡ್ಗಿಚ್ಚು ಇಲ್ಲ, ನಿಜ. ಆದರೆ ಏಪ್ರಿಲ್, ಮೇ ತಿಂಗಳ ನಲವತ್ತು ಡಿಗ್ರಿ ದಾಟುವ ಬಿಸಿಲಿದೆ, ಅದರ ಜೊತೆಗೆ ಕಾಂಪೌಂಡ್ ಗೋಡೆಯಿಂದ ಹೊಡೆಯುವ ಝಳ ಇದೆ. ಅಂಗಿ ಇದ್ದರೆ ಕಾಂಡಕ್ಕೆ ನೆರಳು. ಎಳೆದು ಕಿತ್ತರೆ ಹಸಿ ತೊಗಟೆ ಸುಲಿದು, ಆ ಗಾಯದಿಂದ ಕೊಳೆ ಒಳಗೆ ಹೋಗುತ್ತದೆ.

ಒಂದು ವಿನಾಯಿತಿ ಇದೆ. ನಮ್ಮ ಕಡೆ ಚೇಳು, ಜರಿ ಜಾಸ್ತಿ. ಒಣ ಎಲೆಗಳ ಸಂದು ಅವಕ್ಕೆ ಒಳ್ಳೆಯ ಜಾಗ. ಮನೆಯಲ್ಲಿ ಆಡುವ ಮಕ್ಕಳಿದ್ದರೆ ನೆಲದಿಂದ ಎರಡಡಿವರೆಗಿನ ಒಣ ಎಲೆಗಳನ್ನು ತೆಗೆಯಿರಿ, ಮೇಲಿನದು ಬಿಡಿ. ಕೀಳಬೇಡಿ, ಕಾಂಡದಿಂದ ಎರಡು ಬೆರಳು ಬಿಟ್ಟು ಕತ್ತರಿಸಿ. ಕೈಗವಸು ಬೇಕೇ ಬೇಕು. ಕತ್ತರಿಸುವ ಮುಂಚೆ ಕೋಲಿನಿಂದ ನಾಲ್ಕು ಸಲ ತಟ್ಟಿ.

ಈ ಗಿಡದ ಸಾವು ಬದುಕು ನಿಂತಿರುವುದು ಬುಡದಲ್ಲಿ ನೀರು ನಿಲ್ಲುತ್ತದೋ ಇಲ್ಲವೋ ಅನ್ನುವುದರ ಮೇಲೆ. ಬೆಳೆದ ಅಲೋ ಬಿಸಿಲಿಗೆ ಸಾಯುವುದು ನಮ್ಮಲ್ಲಿ ಕಡಿಮೆ. ಸಾಯುವುದು ಹುಬ್ಬೆ, ಉತ್ತರೆ ಮಳೆಯಲ್ಲಿ, ಬೇರು ಕೊಳೆತು. ನಿಮ್ಮ ಫೋಟೋದಲ್ಲಿ ಕಾಣುವುದು ಕೆಂಪು ಮಸಾರಿ ಮಣ್ಣು. ಅದು ನಿಮ್ಮ ಅದೃಷ್ಟ. ಗುಡ್ಡದ ಬುಡದಲ್ಲಿ ಸಿಗುವಂಥ ಗರಸು ಬೆರೆತ ಮಸಾರಿಯಲ್ಲಿ ಈ ಗಿಡಕ್ಕೆ ಬೇರೇನೂ ಬೇಕಿಲ್ಲ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ನಮ್ಮ ಮಳೆ ಇದಕ್ಕೆ ಸಾಕು.

ಎರೆ ಭೂಮಿಯವರ ಕಥೆ ಬೇರೆ. ಯಲಬುರ್ಗಾ ಕಡೆಯವರು, ರಾಯಚೂರು ಜಿಲ್ಲೆಯವರು ಇದನ್ನು ಗಮನವಿಟ್ಟು ಓದಿ. ಎರೆ ಮಣ್ಣು ಮಳೆಗೆ ಉಬ್ಬಿ ನೀರನ್ನು ಹಿಡಿದಿಡುತ್ತದೆ. ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಟ್ಟು ಬೇರು ಹರಿಯುತ್ತದೆ. ಜೋಳಕ್ಕೆ, ಕಡಲೆಗೆ ಆ ಹಿಡಿತ ವರ. ಅಲೋಗೆ ಅದೇ ಮುಳುವು. ಗುಂಡಿ ತೋಡಿ ಅದರಲ್ಲಿ ಮರಳು ತುಂಬಿ ನೆಟ್ಟರೂ ಆಗುವುದಿಲ್ಲ. ಸುತ್ತಲಿನ ನೀರೆಲ್ಲ ಆ ಗುಂಡಿಗೇ ಇಳಿದು ನಿಲ್ಲುತ್ತದೆ. ಗುಂಡಿ ಬೇಡ, ದಿಬ್ಬ ಮಾಡಿ. ನೆಲದ ಮೇಲೆ ಒಂದೂವರೆ ಎರಡಡಿ ಎತ್ತರ, ನಾಲ್ಕಡಿ ಅಗಲ. ಅರ್ಧ ಮಸಾರಿ, ಉಳಿದರ್ಧ ಗರಸು, ಸಣ್ಣ ಜಲ್ಲಿ, ಇಟ್ಟಿಗೆ ಚೂರು. ಕ್ರಷರ್‌ನ ನುಣ್ಣನೆ ಪುಡಿ ಹಾಕಬೇಡಿ, ಅದು ಸಿಮೆಂಟಿನ ಹಾಗೆ ಕೂತುಬಿಡುತ್ತದೆ. ಸುತ್ತ ಕಲ್ಲು ಕಟ್ಟಿ, ನಡುವೆ ಗಿಡ ಇಡಿ.

ನಿಮ್ಮ ಮಣ್ಣಲ್ಲಿ ನೀರು ಇಳಿಯುತ್ತದೋ ಇಲ್ಲವೋ ಅನುಮಾನವಿದ್ದರೆ ಒಂದಡಿ ಗುಂಡಿ ತೋಡಿ ನೀರು ತುಂಬಿ. ಇಂಗಿದ ಮೇಲೆ ಇನ್ನೊಮ್ಮೆ ತುಂಬಿ. ಎರಡನೇ ಸಲದ ನೀರು ನಾಲ್ಕು ತಾಸಾದರೂ ನಿಂತಿದ್ದರೆ ಅಲ್ಲಿ ದಿಬ್ಬ ಬೇಕು. ಮಾಳಿಗೆಯ ನೀರು ಬೀಳುವ ಜಾಗ, ಬಚ್ಚಲ ನೀರು ಹರಿಯುವ ಜಾಗ ಯಾವ ಮಣ್ಣಿದ್ದರೂ ಬೇಡ.

ನೀರು ಕೊಡುವ ಲೆಕ್ಕ ಸುಲಭ. ಮಳೆಗಾಲದಲ್ಲಿ ಒಂದು ಹನಿಯೂ ಬೇಡ. ಚಳಿಗಾಲದಲ್ಲಿ ಹೂವಿನ ಮೊಗ್ಗು ಕಂಡಾಗ ತಿಂಗಳಿಗೊಮ್ಮೆ ಎರಡು ಕೊಡ. ಕಡು ಬೇಸಿಗೆಯಲ್ಲಿ ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ಎರಡು ಕೊಡ, ಬುಡಕ್ಕೆ ತಾಗಿಸದೆ ಒಂದು ಮೊಳ ದೂರದಲ್ಲಿ. ಈ ಗಿಡ ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ. ಅದಕ್ಕೇ ನಮ್ಮ ಬಿಸಿಲನ್ನು ತಡೆಯುತ್ತದೆ. ಎಲೆ ತೆಳ್ಳಗಾಗಿ ಒಳಗೆ ಮಡಚಿಕೊಂಡರೆ ಬಾಯಾರಿದೆ ಅಂತ ಅರ್ಥ. ಕೆಳಗಿನ ಎಲೆ ಹಳದಿಯಾಗಿ ಮೆತ್ತಗಾದರೆ ನೀರು ಜಾಸ್ತಿಯಾಗಿದೆ ಅಂತ ಅರ್ಥ. ಬಿಸಿಲಿಗೆ ಎಲೆ ಕೆಂಪಡರಿದರೆ ಹೆದರಬೇಡಿ, ಮಳೆ ಬಿದ್ದ ಮೇಲೆ ಹಸಿರಾಗುತ್ತದೆ. ಆರ್‌ಒ ಯಂತ್ರದಿಂದ ಹೊರಬರುವ ನೀರನ್ನು ಗಿಡಕ್ಕೆ ಬಿಡುವ ರೂಢಿ ಈಗ ಎಲ್ಲ ಮನೆಯಲ್ಲೂ ಇದೆ. ನಮ್ಮ ಬೋರ್‌ವೆಲ್ ನೀರೇ ಗಡುಸು, ಅದರ ಉಪ್ಪೆಲ್ಲ ಒಟ್ಟಾಗಿ ಬರುವುದು ಆ ನೀರಿನಲ್ಲಿ. ಇದಕ್ಕೆ ಬೇಡ.

ಗೊಬ್ಬರ ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಎರಡು ಬೊಗಸೆ. ಯೂರಿಯಾ ಮುಟ್ಟಬೇಡಿ.

ಗಿಡ ವಾಲಿರುವುದಕ್ಕೆ ಎರಡು ಕಾರಣ ಇರಬಹುದು. ಒಂದು, ಗೋಡೆಯ ನೆರಳಿನಿಂದ ಬೆಳಕಿನ ಕಡೆ ಬಾಗಿರುವುದು. ಎರಡು, ತಲೆಭಾರ. ಎಲೆಗಳಲ್ಲಿ ನೀರು ತುಂಬಿದಾಗ ತಲೆ ಬಹಳ ತೂಕ ಇರುತ್ತದೆ, ಆಷಾಢದ ಗಾಳಿ ಅದನ್ನು ಅಲ್ಲಾಡಿಸುತ್ತದೆ. ಮೊದಲು ಕಾಂಡವನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ. ಬುಡ ಗಟ್ಟಿಯಾಗಿದ್ದರೆ ಬಾಗಿದ್ದನ್ನು ನೆಟ್ಟಗೆ ಮಾಡುವ ಹಟ ಬೇಡ, ಬಾಗಿಯೇ ಬೆಳೆಯುತ್ತದೆ. ಬುಡ ಸಡಿಲಾಗಿದ್ದರೆ ಕಾಂಡದ ಸುತ್ತ ದೊಡ್ಡ ಕಲ್ಲುಗಳನ್ನು ಒತ್ತಾಗಿ ಜೋಡಿಸಿ. ವಾಲಿದ ಕಡೆ ಕವಲಿರುವ ಒಂದು ಗಟ್ಟಿ ಗೂಟ ಆನಿಸಿ, ಹಳೆ ಸೈಕಲ್ ಟ್ಯೂಬಿನಿಂದ ಸಡಿಲವಾಗಿ ಕಟ್ಟಿ. ಕಾಂಡಕ್ಕೆ ಮಣ್ಣು ಏರಿಸಬೇಡಿ, ಮಣ್ಣಿನೊಳಗೆ ಹೋದ ಕಾಂಡ ಕೊಳೆಯುತ್ತದೆ. ಬುಡ ಮೆತ್ತಗಿದ್ದು ಕೆಟ್ಟ ವಾಸನೆ ಬರುತ್ತಿದ್ದರೆ ಮಾತ್ರ ಚಿಂತೆ. ಆಗ ತಲೆಯನ್ನು ಗಟ್ಟಿ ಕಾಂಡ ಸಿಗುವ ಕಡೆ ಕತ್ತರಿಸಿ, ನೆರಳಲ್ಲಿ ಎರಡು ಮೂರು ವಾರ ಒಣಗಿಸಿ, ಒಣ ಗರಸಿನ ಮೇಲೆ ಕೂರಿಸಿ ನೋಡಬಹುದು. ಅರ್ಬೊರೆಸೆನ್ಸ್ ಹೀಗೆ ಸಲೀಸಾಗಿ ಬೇರು ಬಿಡುತ್ತದೆ. ಫೆರಾಕ್ಸ್ ಬಿಡುವುದು ಕಷ್ಟ. ಆದ್ದರಿಂದ ಆರೋಗ್ಯವಾಗಿರುವ ಗಿಡದ ತಲೆಯನ್ನು ಸುಮ್ನೆ ಪ್ರಯೋಗಕ್ಕೆ ಕತ್ತರಿಸಬೇಡಿ. ಕೆಳಗಿನ ಮೋಟು ಚಿಗುರದೆ ಎರಡೂ ಹೋಗಬಹುದು.

ರೋಗ ಕೀಟ ಕಡಿಮೆ. ಎಲೆಗಳ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ, ಸುಳಿಯಲ್ಲಿ ನಿಲ್ಲದ ಹಾಗೆ ನೋಡಿಕೊಳ್ಳಿ. ಎಲೆಯ ಬುಡದಲ್ಲೋ ಹೂದಂಟಿನಲ್ಲೋ ಗಂಟುಗಂಟಾಗಿ ವಿಕಾರವಾಗಿ ಬೆಳೆದಿದ್ದರೆ ಅದು ಕಣ್ಣಿಗೆ ಕಾಣದ ನುಸಿಯ ಕೆಲಸ. ಆ ಭಾಗ ಕತ್ತರಿಸಿ ಸುಟ್ಟುಬಿಡಿ, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಕೊನೆಯದು, ಇನ್ನೊಂದು ಗಿಡ. ಮರಿ ಬರುವುದಿಲ್ಲ, ಬೀಜವೇ ದಾರಿ. ಆದರೆ ಹೆಚ್ಚಿನ ಅಲೋಗಳ ಹಾಗೆ ಫೆರಾಕ್ಸ್‌ಗೂ ತನ್ನದೇ ಪರಾಗದಿಂದ ಕಾಯಿ ಕಟ್ಟುವುದು ಅಪರೂಪ. ಒಂಟಿ ಗಿಡದ ಹೂವಿಗೆ ಸೂರಕ್ಕಿ, ಜೇನು ಎಷ್ಟು ಬಂದರೂ ಹೂ ಉದುರಿಹೋಗುವುದೇ ಹೆಚ್ಚು. ಪಕ್ಕದಲ್ಲಿ ಬೇರೆ ಅಲೋ ಹೂ ಬಿಟ್ಟಿದ್ದರೆ ಕಾಯಿ ಕಟ್ಟಬಹುದು, ಆದರೆ ಬರುವುದು ಮಿಶ್ರ ಸಸಿ. ಬಳ್ಳಾರಿಯಲ್ಲೋ ಹೊಸಪೇಟೆಯಲ್ಲೋ ನೆಂಟರ ಮನೆಯಲ್ಲಿ ಇದೇ ಜಾತಿಯ ಗಿಡ ಇದೇ ಹೊತ್ತಿಗೆ ಹೂ ಬಿಟ್ಟಿದ್ದರೆ, ಬೆಳಗ್ಗೆ ಅದರ ಪರಾಗವನ್ನು ಕಾಗದದ ಪೊಟ್ಟಣದಲ್ಲಿ ತನ್ನಿ. ಅಲೋ ಹೂವಿನಲ್ಲಿ ಪರಾಗ ಕೊಡುವ ಕೇಸರಗಳು ಮೊದಲು ಹೊರಬರುತ್ತವೆ, ಪರಾಗ ಹಿಡಿಯುವ ಎಳೆಯಾದ ಶಲಾಕೆ ಆಮೇಲೆ. ಹೂಗಳು ಗೊಂಚಲಿನ ಬುಡದಿಂದ ಮೇಲಕ್ಕೆ ಅರಳುವುದರಿಂದ ಕೆಳಗಿನವೇ ಹಳೆಯವು. ಅವುಗಳಲ್ಲಿ ಶಲಾಕೆ ಚಾಚಿರುವುದನ್ನು ನೋಡಿ, ಸಣ್ಣ ಬ್ರಷ್‌ನಿಂದ ಪರಾಗ ಹಚ್ಚಿ. ಮಾರನೇ ದಿನವೂ ಹಚ್ಚಿ.

ಕಾಯಿ ಕಂದಾಗಿ ಒಣಗಿ ಮೂರಾಗಿ ಬಿರಿಯುವ ಮೊದಲು ತೆಳು ಬಟ್ಟೆ ಕಟ್ಟಿಡಿ, ಇಲ್ಲದಿದ್ದರೆ ರೆಕ್ಕೆಯಂಥ ಅಂಚಿರುವ ಬೀಜಗಳು ಗಾಳಿಗೆ ಹಾರಿಹೋಗುತ್ತವೆ. ಮೃಗಶಿರ ಮಳೆಯ ಹೊತ್ತಿಗೆ ಮಸಾರಿ, ಮರಳು ಸಮ ಬೆರೆಸಿದ ಟ್ರೇಯಲ್ಲಿ ಬಿತ್ತಿ, ಬೀಜ ಮರೆಯಾಗುವಷ್ಟು ಮರಳು ಉದುರಿಸಿ. ಎರಡರಿಂದ ನಾಲ್ಕು ವಾರದಲ್ಲಿ ಮೊಳೆಯುತ್ತದೆ. ಮೊದಲ ವರ್ಷ ನೆರಳು ಬಲೆಯ ಕೆಳಗಿರಲಿ. ನೆಲಕ್ಕೆ ಇಡುವುದು ಎರಡನೇ ವರ್ಷದ ದೀಪಾವಳಿಯ ನಂತರ, ಮಳೆ ಮುಗಿದು ಮಣ್ಣು ಇನ್ನೂ ಬೆಚ್ಚಗಿರುವಾಗ. ಅದಕ್ಕೂ ಎರಡು ಮೂರು ವಾರ ಮೊದಲೇ ಸ್ವಲ್ಪಸ್ವಲ್ಪ ಬಿಸಿಲು ರೂಢಿ ಮಾಡಿಸಿ. ನೆಡುವಾಗ ಮೊದಲು ತೆಂಕಣ ಬಿಸಿಲಿಗೆ ಮುಖ ಮಾಡಿದ್ದ ಬದಿಯನ್ನು ಸುಣ್ಣದ ಬೊಟ್ಟಿಟ್ಟು ಗುರುತಿಸಿ, ಅದೇ ದಿಕ್ಕಿಗೆ ನೆಡಿ. ಗೇಟಿನಿಂದ, ಓಡಾಡುವ ದಾರಿಯಿಂದ ಐದಡಿ ದೂರ ಇರಲಿ, ಆ ಮುಳ್ಳು ಮಕ್ಕಳ ಕಣ್ಣಿನ ಎತ್ತರಕ್ಕೆ ಬರುತ್ತದೆ. ಹೂವಿಗೆ ಕಡಿಮೆಯೆಂದರೂ ನಾಲ್ಕೈದು ವರ್ಷ ಕಾಯಬೇಕು.